ಅಡಿಕೆ ಕೊಳೆರೋಗದ ಸಂಶೋಧನಾ ಪ್ರಸ್ತಾವನೆ 12 ಪುಟ ಆಗಿದೆ, ಗೈಡ್ ‘ಏನು ಮಾಡ್ತೀರಿ ಅಂತಲೇ ಗೊತ್ತಾಗ್ತಿಲ್ಲ’ ಅಂತಾರೆ – ಪ್ರತಿಕ್ರಿಯೆ

ತೊಂದರೆ ಬಹುಶಃ ಉದ್ದದ್ದಲ್ಲ, ಪ್ರಶ್ನೆ ಇನ್ನೂ ಗಟ್ಟಿಯಾಗಿಲ್ಲ. ‘ತೀರ್ಥಹಳ್ಳಿ ಭಾಗದ ಅಡಿಕೆ ಕೊಳೆರೋಗದ ಅಧ್ಯಯನ’ ಅನ್ನೋದು ವಿಷಯ ಅಷ್ಟೇ. ಮೊದಲು ಒಂದೇ ವಾಕ್ಯ ಬರೆಯಿರಿ: ‘ಶೇ. 1ರ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಮಿಶ್ರಣ) ಎರಡನೇ ಸಿಂಪಡಣೆ ಮೊದಲನೆಯದಾಗಿ 45 ದಿನ ದಾಟಿದರೆ ಕಾಯಿ ಉದುರುವುದು ಎಷ್ಟು ಜಾಸ್ತಿ ಆಗುತ್ತದೆ?’ ಎಷ್ಟು ತೋಟ, ಏನು ಎಣಿಸಬೇಕು, ಎಲ್ಲ ಇದರಿಂದಲೇ ಹೊರಡುತ್ತದೆ. ಆಮೇಲೆ ವಿಧಾನ ಬರೆಯಿರಿ. ವೇಳಾಪಟ್ಟಿ ಮಳೆಗಾಲಕ್ಕೆ ಮುಂಚೆಯೇ ಶುರುವಾಗಲಿ, ಮೊದಲ ಸಿಂಪಡಣೆ ತಪ್ಪಿದರೆ ಒಂದು ವರ್ಷವೇ ಹೋಯ್ತು ಅಲ್ವಾ? ಪೀಠಿಕೆ ಕೊನೆಗೆ. ಈ ರೋಗ ತರುವ ಸೂಕ್ಷ್ಮಜೀವಿ ಫೈಟಾಫ್ತೊರಾ ಬಗ್ಗೆ ಎರಡು ಪ್ಯಾರಾ ಸಾಕು. ಅಡಿಕೆಯ ಇತಿಹಾಸ ಪೂರ್ತಿ ತೆಗೆಯಿರಿ. ನಾನು ಹಾಗೆ ನಾಲ್ಕು ಪುಟ ತೆಗೆದ ಮೇಲೆಯೇ ನನ್ನದು ಒಪ್ಪಿಗೆಯಾಯ್ತು. ಪುಟದ ಮಿತಿ ಒಂದೊಂದು ಕಡೆ ಒಂದೊಂದು ಥರ, ನಿಮ್ಮ ವಿಭಾಗದಲ್ಲಿ ಕೇಳಿ. ಕಳಿಸುವ ಮುಂಚೆ ಒಬ್ಬ ಬೆಳೆಗಾರರಿಗೆ ಮೊದಲ ಪುಟ ಓದಿ ಹೇಳಿ. ಅವರು ಎಲ್ಲಿ ‘ಅಂದ್ರೆ?’ ಅಂತಾರೋ ಆ ಸಾಲು ತಿದ್ದಿ.