ಲೋಡು ಹಾಕಿದಾಗ ಮಾತ್ರ ಎಂಜಿನ್ ಮಿಸ್ಸಿಂಗ್: ಪಂಪ್ ಬದಲಿಸಬೇಕಾ?

ಪ್ರಶ್ನೆ: ನನ್ನದು ಪೆಟ್ರೋಲ್ ಪಿಕಪ್, ನಾಲ್ಕು ಸಿಲಿಂಡರ್, 1,20,000 ಕಿ.ಮೀ. ಓಡಿದೆ. ನಿಂತಲ್ಲಿ ಎಂಜಿನ್ ಸಲೀಸಾಗಿ ಓಡುತ್ತದೆ. ಲೋಡು ಹಾಕಿ ಏರು ಹತ್ತುವಾಗ ಎಕ್ಸಲರೇಟರ್ ಒತ್ತಿದರೆ ಮಾತ್ರ ಮುಗ್ಗರಿಸುತ್ತದೆ. ಆಗ ಚೆಕ್ ಎಂಜಿನ್ ಲೈಟ್ ಮಿಣುಕುತ್ತದೆ. ಸ್ಪಾರ್ಕ್ ಪ್ಲಗ್ ಹೊಸದು ಹಾಕಿಸಿದೆ. ಹದಿನೈದು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಈಗ ಫ್ಯುಯೆಲ್ ಪಂಪ್ ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ನೀವು ಹೇಳಿದ ಲಕ್ಷಣಗಳು ಪಂಪಿಗಿಂತ ಮೊದಲು ಇಗ್ನಿಷನ್ ಕಾಯಿಲ್ (ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಕಡೆ ಬೆರಳು ತೋರಿಸುತ್ತವೆ.

ಮೊದಲು ಒಂದು ಎಚ್ಚರಿಕೆ. ಆ ಲೈಟ್ ಸುಮ್ನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತಿದೆ ಎಂದರ್ಥ. ಅದರಿಂದ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ವಿಪರೀತ ಕಾದು ಹಾಳಾಗುತ್ತದೆ. ಲೈಟ್ ಮಿಣುಕಿದ ಕೂಡಲೇ ಎಕ್ಸಲರೇಟರಿನಿಂದ ಕಾಲು ಸಡಿಲಿಸಿ. ರಿಪೇರಿ ಆಗುವವರೆಗೆ ಲೋಡು ಹೊರಿಸಬೇಡಿ.

ಏರಿನಲ್ಲೇ ಯಾಕೆ ಹೀಗಾಗುತ್ತದೆ? ಎಕ್ಸಲರೇಟರ್ ಒತ್ತಿದಾಗ ಸಿಲಿಂಡರಿಗೆ ಗಾಳಿ, ಪೆಟ್ರೋಲ್ ಎರಡೂ ಜಾಸ್ತಿ ಹೋಗುತ್ತವೆ, ಒಳಗಿನ ಒತ್ತಡ ಏರುತ್ತದೆ. ಅಷ್ಟು ಒತ್ತಡದಲ್ಲಿ ಪ್ಲಗ್ಗಿನ ಸಂದಿ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಸೋತ ಕಾಯಿಲ್ ಐಡ್ಲಿಂಗಿನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಹೇಗೋ ನಿಭಾಯಿಸುತ್ತದೆ, ಏರಿನಲ್ಲಿ ಕೈಕೊಡುತ್ತದೆ. ಹೊಸ ಪ್ಲಗ್ಗಿಗೆ ಕಡಿಮೆ ವೋಲ್ಟೇಜ್ ಸಾಕು. ನಿಮಗೆ ಹದಿನೈದು ದಿನ ನೆಮ್ಮದಿ ಸಿಕ್ಕಿದ್ದು ಬಹುಶಃ ಅದರಿಂದಲೇ.

ಇದನ್ನು ಖಚಿತ ಮಾಡಿಕೊಳ್ಳಲು ಹೊಸ ಸಾಮಾನು ಬೇಕಾಗಿಲ್ಲ. ಸ್ಕ್ಯಾನರ್ ಹಾಕಿಸಿ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದಿಸಿ. ಪಿ0302 ಬಂತು ಅನ್ನಿ, ಅದು ಎರಡನೇ ಸಿಲಿಂಡರಿನ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಸಿಲಿಂಡರಿಗೂ ಒಂದೊಂದು ಕಾಯಿಲ್ ಇದ್ದರೆ, ಎಂಜಿನ್ ಆಫ್ ಮಾಡಿ ಎರಡನೆಯದನ್ನು ಮೂರನೆಯದಕ್ಕೆ ಅದಲು ಬದಲು ಮಾಡಿ. ಕೋಡ್ ಅಳಿಸಿ, ಮತ್ತೆ ಏರಿನಲ್ಲಿ ಸ್ವಲ್ಪ ದೂರ ಮಾತ್ರ ಓಡಿಸಿ. ಈ ಸಲ ಪಿ0303 ಬಂದರೆ ತಪ್ಪು ಕಾಯಿಲ್‌ನದೇ. ಎರಡರಲ್ಲೇ ಉಳಿದರೆ ಪ್ಲಗ್, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಸಿಲಿಂಡರಿನ ಒತ್ತಡ (ಕಂಪ್ರೆಷನ್) ನೋಡಬೇಕು. ಎಂಜಿನ್ ಓಡುತ್ತಿರುವಾಗಲೇ ಕಾಯಿಲ್ ಕೀಳುವ ಹಳೇ ಪದ್ಧತಿ ಬೇಡವೇ ಬೇಡ. ಜೋರಾಗಿ ಶಾಕ್ ಹೊಡೆಯುತ್ತದೆ.

ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೆ ಸಣ್ಣ ಕಪ್ಪು ಗೆರೆ ಇದ್ದರೆ ಕರೆಂಟ್ ಹೊರಗಿನಿಂದ ಹರಿದಿದೆ. ಆಗ ಪ್ಲಗ್ ಜೊತೆಗೆ ಕಾಯಿಲ್ಲಿನ ರಬ್ಬರ್ ಬೂಟನ್ನೂ ಬದಲಿಸಿ. ಪ್ಲಗ್ ಕೂರುವ ಗುಳಿಯಲ್ಲಿ ಆಯಿಲ್ ಅಥವಾ ನೀರು ನಿಂತಿದೆಯಾ ನೋಡಿ. ಹೊಸ ಪ್ಲಗ್ಗಿನ ಸಂದಿಯನ್ನೂ ಅಳೆಯಿಸಿ. ಸಾಮಾನ್ಯವಾಗಿ 0.7ರಿಂದ 1.1 ಮಿ.ಮೀ. ಒಳಗೆ ಇರುತ್ತದೆ. ನಿಮ್ಮ ಗಾಡಿಗೆ ಎಷ್ಟು ಅನ್ನುವುದು ಅದರ ಪುಸ್ತಕದಲ್ಲಿದೆ.

ಪಂಪಿನ ಮೇಲೆ ಅನುಮಾನ ಬರಬೇಕಾದದ್ದು ಯಾವಾಗ? ಹಲವು ಸಿಲಿಂಡರುಗಳು ಒಟ್ಟಿಗೆ ತಪ್ಪುತ್ತಿದ್ದು ಪಿ0300 ಬಂದಾಗ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ ಅನ್ನುವ ಪಿ0171 ಬಂದಾಗ. ಆಗಲೂ ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ, ನೋಡಿಸಿ. ಐಡ್ಲಿಂಗಿನಲ್ಲಿ ಸೊನ್ನೆಯ ಆಸುಪಾಸಿದ್ದು, ಎಕ್ಸಲರೇಟರ್ ಒತ್ತಿದಾಗ ಶೇ 10 ದಾಟಿ ಮೇಲೇರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿ ತಪ್ಪು ಲೆಕ್ಕ ಕೊಡುತ್ತಿದೆ. ಐಡ್ಲಿಂಗಿನಲ್ಲೇ ಹೆಚ್ಚಿದ್ದು ಒತ್ತಿದಾಗ ಇಳಿದರೆ ಎಲ್ಲೋ ಪೈಪಿನಲ್ಲಿ ಗಾಳಿ ಸೇರುತ್ತಿದೆ, ಪಂಪಿನ ತಪ್ಪಲ್ಲ.

ಡೀಸೆಲ್ ಪಿಕಪ್ ಇರುವವರಿಗೆ ಈ ಪ್ಲಗ್, ಕಾಯಿಲ್ ಕಥೆ ಅನ್ವಯಿಸುವುದಿಲ್ಲ. ಅವರು ಫಿಲ್ಟರಿನಲ್ಲಿ ನೀರು, ಡೀಸೆಲ್ ಪೈಪಿನಲ್ಲಿ ಗಾಳಿ, ಟರ್ಬೊ ಹೋಸಿನಲ್ಲಿ ಬಿರುಕು, ಇವುಗಳಿಂದ ಶುರು ಮಾಡಲಿ.

ಪಂಪ್ ಪರೀಕ್ಷೆ ಮಾಡಿಸುವುದಾದರೆ ಪ್ರೆಶರ್ ಗೇಜ್ ಹಾಕಿ, ಎಂಜಿನ್ ಮೇಲೆ ಭಾರ ಬಿದ್ದಾಗಲೇ ಅಳತೆ ತೆಗೆಯಲು ಹೇಳಿ. ನಿಂತಲ್ಲಿ ಸರಿ ತೋರಿಸಿದ ಮಾತ್ರಕ್ಕೆ ಸಾಲದು. ಭಾರ ಬಿದ್ದಾಗ ಒತ್ತಡ ಕುಸಿದರೂ ಮೊದಲು ಫಿಲ್ಟರ್ ಮತ್ತು ಪಂಪಿಗೆ ಬರುವ ವೋಲ್ಟೇಜ್ ನೋಡಿಸಿ. ಅವೆರಡೂ ಸರಿ ಇದ್ದರೆ ಆಗ ಪಂಪ್ ಬದಲಿಸಿ.