ಗೇಮ್ ಕನ್ಸೋಲಾ, ಬ್ಲೂ-ರೇ ಪ್ಲೇಯರಾ? ಮೊದಲು ಕಪಾಟು ತೆಗೆದು ನೋಡಿ

ಪ್ರಶ್ನೆ: ನಾನು ಬಾಗಲಕೋಟೆ ನವನಗರದಲ್ಲಿರುವ ಶಾಲಾ ಶಿಕ್ಷಕ. ಈ ವರ್ಷ 55 ಇಂಚಿನ 4ಕೆ ಟಿವಿ ತಂದಿದ್ದೇವೆ. ಅದರ ಬೆನ್ನಿಗೇ ಹಳೆಯ ಡಿವಿಡಿ ಪ್ಲೇಯರ್ ಕೆಟ್ಟಿತು. ಪಿಯುಸಿ ಓದುತ್ತಿರುವ ಮಗ, "ಅಪ್ಪಾ, ಪ್ಲೇಸ್ಟೇಷನ್ 5 ತಗೊಳ್ಳೋಣ, ನಿಮ್ಮ ಸಿನಿಮಾ ಡಿಸ್ಕೂ ಅದರಲ್ಲೇ ಓಡುತ್ತೆ" ಅನ್ನುತ್ತಿದ್ದಾನೆ. ನನ್ನ ಹತ್ತಿರ ಡಿವಿಡಿಗಿಂತ ಸ್ಪಷ್ಟವಾಗಿ ಕಾಣುವ ಸುಮಾರು 40 ಬ್ಲೂ-ರೇ ಸಿನಿಮಾ ಡಿಸ್ಕ್, ಅದಕ್ಕೂ ಸ್ಪಷ್ಟವಾದ ಐದಾರು 4ಕೆ ಡಿಸ್ಕ್ ಇವೆ. ನಮ್ಮ ಮದುವೆಯ ಡಿವಿಡಿ, ಬನಶಂಕರಿ ಜಾತ್ರೆಯಲ್ಲಿ ಕೊಂಡ ನಾಟಕದ ವಿಸಿಡಿಗಳೂ ಇವೆ. ನಮ್ಮವ್ವ ದಿನಾ ಬೆಳಗ್ಗೆ ಭಜನೆ ಸಿಡಿ ಹಾಕಿಸಿಕೊಂಡು ಕೇಳುತ್ತಾಳೆ. ಕನ್ಸೋಲ್ ತರಲೋ, ಬರೀ ಪ್ಲೇಯರ್ ತರಲೋ?

ಉತ್ತರ: ಸರ್, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕೊನೆಯ ಮಾತಿನ ಮೇಲೆ. ಪ್ಲೇಸ್ಟೇಷನ್ 5ರಲ್ಲಿ ಆಡಿಯೊ ಸಿಡಿ ಓಡುವುದಿಲ್ಲ. ವಿಸಿಡಿಯೂ ಓಡುವುದಿಲ್ಲ. ಅಂದರೆ ಮಗನ ಮಾತು ಕೇಳಿ ಕನ್ಸೋಲ್ ತಂದ ಮರುದಿನ ಬೆಳಗ್ಗೆಯೇ ಅವ್ವನ ಭಜನೆ ನಿಂತುಹೋಗುತ್ತದೆ.

ಹಾಗಂತ ಮಗ ಸುಳ್ಳು ಹೇಳಿದ್ದಾನೆ ಅಂತಲ್ಲ. ಡಿಸ್ಕ್ ಹಾಕುವ ಜಾಗವಿರುವ ಪ್ಲೇಸ್ಟೇಷನ್ 5 ನಿಮ್ಮ ಬ್ಲೂ-ರೇಗಳನ್ನೂ, 4ಕೆ ಡಿಸ್ಕ್‌ಗಳನ್ನೂ ಚೆನ್ನಾಗಿಯೇ ತೋರಿಸುತ್ತದೆ. ಡಿವಿಡಿ ಸಿನಿಮಾಗಳೂ ಓಡುತ್ತವೆ. "ಕನ್ಸೋಲ್ ಒಂದಿದ್ದರೆ ಪ್ಲೇಯರ್ ಯಾಕೆ" ಅನ್ನುವ ಮಾತಿಗೂ ಒಂದು ಹಿನ್ನೆಲೆ ಇದೆ. 2006ರಲ್ಲಿ ಬ್ಲೂ-ರೇ ಹೊಸದು. ಅಮೆರಿಕದಲ್ಲಿ ಮೊದಮೊದಲ ಪ್ಲೇಯರ್‌ಗಳ ಬೆಲೆ 1,000 ಡಾಲರ್ ಆಸುಪಾಸಿನಲ್ಲಿತ್ತು. ಅದೇ ವರ್ಷದ ಕೊನೆಗೆ ಬಂದ ಪ್ಲೇಸ್ಟೇಷನ್ 3ರ ಕಡಿಮೆ ಮಾದರಿಗೆ 499 ಡಾಲರ್. ಸಿನಿಮಾ ನೋಡುವುದಕ್ಕಷ್ಟೇ ಅದನ್ನು ಕೊಂಡವರು ಎಷ್ಟೋ ಜನ. ಆಗ ಎಚ್‌ಡಿ ಡಿವಿಡಿ ಅನ್ನುವ ಇನ್ನೊಂದು ಬಗೆಯ ಡಿಸ್ಕ್ ಕೂಡ ಪೈಪೋಟಿಗೆ ನಿಂತಿತ್ತು. 2008ರ ಫೆಬ್ರವರಿಯಲ್ಲಿ ತೊಷಿಬಾ ಅದನ್ನು ಕೈಬಿಟ್ಟಿತು. ಬ್ಲೂ-ರೇ ಗೆಲ್ಲಲು ಮನೆಮನೆಗೆ ಹೋದ ಆ ಕನ್ಸೋಲ್‌ಗಳದ್ದೂ ದೊಡ್ಡ ಪಾಲಿತ್ತು. ಆವತ್ತಿಗೆ ಆ ಮಾತು ನಿಜ. ಈವತ್ತಿಗೆ ಅರ್ಧ ಮಾತ್ರ ನಿಜ.

4ಕೆ ಡಿಸ್ಕ್ ಬಂದದ್ದು 2016ರಲ್ಲಿ. ಇಲ್ಲಿಂದ ಲೆಕ್ಕ ಸ್ವಲ್ಪ ತೊಡಕು. ಅದೇ ವರ್ಷ ಬಂದ ಪ್ಲೇಸ್ಟೇಷನ್ 4 ಪ್ರೊ 4ಕೆ ಹೆಸರಿನಲ್ಲೇ ಮಾರಾಟವಾಯಿತು, ಆದರೆ ಅದಕ್ಕೆ 4ಕೆ ಡಿಸ್ಕ್ ಓದಲು ಬರುವುದಿಲ್ಲ. ಮಾಮೂಲಿ ಬ್ಲೂ-ರೇ ಮಾತ್ರ ಓದುತ್ತದೆ. ಆಗಲೇ ಬಂದ ಮೈಕ್ರೋಸಾಫ್ಟ್ ಕಂಪನಿಯ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಎಸ್ ಮಾತ್ರ ಓದುತ್ತಿತ್ತು. ಈಗಿನ ಎಕ್ಸ್‌ಬಾಕ್ಸ್‌ನಲ್ಲೂ ಹೀಗೇ. ಡಿಸ್ಕ್ ಇರುವ ಸೀರೀಸ್ ಎಕ್ಸ್‌ನಲ್ಲಿ ಓಡುತ್ತದೆ, ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿ 2ರಂದು ಬಂತು. ಡಿಸ್ಕ್ ಇರುವುದಕ್ಕೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990. ಆಮೇಲೆ ಬೆಲೆ ಏರಿತು. "ಹತ್ತು ಸಾವಿರ ಉಳಿಯಿತು" ಅಂತ ಖುಷಿಯಿಂದ ಡಿಜಿಟಲ್ ತಂದು, ಮನೆಯಲ್ಲಿ ಡಿಸ್ಕ್ ಎಲ್ಲಿ ಹಾಕುವುದು ಅಂತ ಹುಡುಕಿದವರನ್ನು ನಾನೇ ನೋಡಿದ್ದೇನೆ. 2023ರ ಕೊನೆಗೆ ಬಂದ ಸಣ್ಣ ಮಾದರಿಗೆ ಡಿಸ್ಕ್ ಡ್ರೈವ್ ಬೇರೆಯಾಗಿ ಜೋಡಿಸಬಹುದು. ಜೋಡಿಸಿದ ಮೇಲೆ ಒಂದು ಸಲ ಇಂಟರ್ನೆಟ್ ಬೇಕೇ ಬೇಕು. ಎಕ್ಸ್‌ಬಾಕ್ಸ್‌ನಲ್ಲಿ ಸಿನಿಮಾ ನೋಡಲು ಬ್ಲೂ-ರೇ ಆ್ಯಪ್ ಅನ್ನು ಮೊದಲು ಇಳಿಸಿಕೊಳ್ಳಬೇಕು. ಪ್ಲೇಯರ್‌ಗೆ ಈ ರಗಳೆ ಇಲ್ಲ. ಪ್ಲಗ್ ಹಾಕಿ, ಡಿಸ್ಕ್ ಇಡಿ, ಆಯ್ತು.

ಚಿತ್ರದ ಗುಣಕ್ಕೆ ಬರುತ್ತೇನೆ. ಮಾಮೂಲಿ ಬ್ಲೂ-ರೇಗೆ ಎರಡರಲ್ಲೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. 4ಕೆ ಡಿಸ್ಕ್‌ನಲ್ಲಿ ಒಂದು ಕಡೆ ಮಾತ್ರ ಪ್ಲೇಯರ್ ಮುಂದಿದೆ, ಅದು ಡಾಲ್ಬಿ ವಿಷನ್. ಬೆಳಕು-ನೆರಳನ್ನು ಒಂದೊಂದು ದೃಶ್ಯಕ್ಕೂ ಬೇರೆಬೇರೆಯಾಗಿ ಹೊಂದಿಸುವ ವಿಧಾನ ಇದು. ಪ್ಲೇಸ್ಟೇಷನ್ 5ರಲ್ಲಾಗಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಾಗಲಿ ಡಿಸ್ಕ್ ಹಾಕಿದಾಗ ಇದು ಸಿಗುವುದಿಲ್ಲ. ಇಡೀ ಸಿನಿಮಾಕ್ಕೆ ಒಂದೇ ಹೊಂದಿಕೆ ಇರುವ ಎಚ್‌ಡಿಆರ್ 10 ಮಾತ್ರ ಬರುತ್ತದೆ. ನಿಮ್ಮ ಟಿವಿಯ ಪೆಟ್ಟಿಗೆ ಮೇಲೆ ಡಾಲ್ಬಿ ವಿಷನ್ ಅಂತ ಇದೆಯಾ ನೋಡಿ. ಇಲ್ಲ ಅಂದರೆ ಈ ಚಿಂತೆಯೇ ಬೇಡ. ಇದ್ದರೆ, ಅದಕ್ಕೆ ಹೊಂದುವ ಪ್ಲೇಯರ್ ತೆಗೆದುಕೊಳ್ಳಿ, ಕತ್ತಲೆ ದೃಶ್ಯಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. 4ಕೆ ಬೇಡ, ಬ್ಲೂ-ರೇ ಸಾಕು ಅನ್ನುವವರಿಗೆ ಸಾದಾ ಪ್ಲೇಯರ್ ಸಾಕು. ಆದರೆ ನಿಮ್ಮ ಹತ್ತಿರ ಆಗಲೇ ಐದಾರು 4ಕೆ ಡಿಸ್ಕ್ ಇವೆಯಲ್ಲ, ಹಾಗಾಗಿ 4ಕೆ ಪ್ಲೇಯರನ್ನೇ ನೋಡಿ.

ಇನ್ನು ನಮ್ಮ ಊರಿನ ಬಿಸಿಲು, ಧೂಳು. ಏಪ್ರಿಲ್-ಮೇನಲ್ಲಿ ಬಾಗಲಕೋಟೆ, ವಿಜಯಪುರದ ಕಡೆ 40 ಡಿಗ್ರಿ ದಾಟುವುದು ಮಾಮೂಲು. ಕನ್ಸೋಲ್ ಒಳಗೆ ದೊಡ್ಡ ಫ್ಯಾನ್ ಇರುತ್ತದೆ. ಅದು ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಆಟ ಆಡುವಾಗ ಪ್ಲೇಸ್ಟೇಷನ್ 5 ಸುಮಾರು 200 ವಾಟ್ ಕರೆಂಟ್ ತಿನ್ನುತ್ತದೆ. ಸಿನಿಮಾಕ್ಕೆ ಅಷ್ಟು ಬೇಡ, ಆದರೂ ಪ್ಲೇಯರ್‌ಗಿಂತ ಜಾಸ್ತಿಯೇ. ಪ್ಲೇಯರ್‌ಗೆ ಸಾಮಾನ್ಯವಾಗಿ 10ರಿಂದ 20 ವಾಟ್ ಸಾಕು. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಸಿನಿಮಾ ಮುಗಿಸುವವರಿಗೆ ಇದು ಸಣ್ಣ ಮಾತಲ್ಲ. ಕನ್ಸೋಲ್ ತಂದರೆ ಅದನ್ನು ಶೋಕೇಸಿನ ಗಾಜಿನ ಬಾಗಿಲ ಹಿಂದೆ ಇಡಬೇಡಿ. ಸುತ್ತಲೂ ಒಂದು ಗೇಣು ಜಾಗ ಬಿಡಿ. ಮೊದಲು ಬಂದ ಪ್ಲೇಸ್ಟೇಷನ್ 5ರ ಬಿಳಿ ಹಲಗೆ ತೆಗೆದರೆ ಧೂಳು ನಿಲ್ಲುವ ಎರಡು ಕಿಂಡಿ ಕಾಣುತ್ತವೆ. ಅಲ್ಲಿಂದ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಧೂಳು ಎಳೆದು ತೆಗೆಯಬಹುದು.

ರಿಮೋಟಿನ ವಿಷಯವನ್ನು ಯಾರೂ ಕೇಳುವುದಿಲ್ಲ. ನನಗೆ ಅದು ದೊಡ್ಡದಾಗಿಯೇ ಕಾಣುತ್ತದೆ. ಕನ್ಸೋಲ್ ಜೊತೆ ಬರುವುದು ಆಟದ ಕಂಟ್ರೋಲರ್. ಎರಡು ಕೈಯಲ್ಲಿ ಹಿಡಿದು, ಹತ್ತಾರು ಗುಂಡಿಗಳಲ್ಲಿ ಸರಿಯಾದದ್ದನ್ನು ಒತ್ತಬೇಕು. ರಿಮೋಟ್ ಬೇಕಾದರೆ ಬೇರೆ ದುಡ್ಡು. ಪ್ಲೇಯರ್ ರಿಮೋಟಿನಲ್ಲಿ ಪ್ಲೇ ಗುಂಡಿ ಎಲ್ಲಿದೆ ಅಂತ ಅವ್ವನಿಗೆ ಒಂದು ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ "ಹಾಕಿಕೊಡು" ಅಂತ ಯಾರನ್ನೂ ಕಾಯಬೇಕಿಲ್ಲ. ಮೊಮ್ಮಗ ಕಾಲೇಜಿಗೆ ಹೋಗಿದ್ದಾಗಲೂ ಅವರ ಭಜನೆ ಅವರ ಕೈಯಲ್ಲೇ ಇರುತ್ತದೆ. ಹಾಡು ಕೇಳುವುದಕ್ಕೆ ಟಿವಿ ಹಚ್ಚುವುದೂ ಬೇಡ ಅನ್ನುವುದಾದರೆ, ಹೋಮ್ ಥಿಯೇಟರ್‌ಗೆ ನೇರ ತಂತಿ ಹಾಕಲು ಬರುವ ಪ್ಲೇಯರ್ ಕೇಳಿ. ಪ್ಲೇಸ್ಟೇಷನ್ 5ಕ್ಕೆ ಟಿವಿ ಕಡೆ ಹೋಗುವ ಎಚ್‌ಡಿಎಂಐ ಬಿಟ್ಟರೆ ಹೋಮ್ ಥಿಯೇಟರ್‌ಗೆ ಬೇರೆ ದಾರಿಯಿಲ್ಲ, ಧ್ವನಿಯನ್ನು ಬೆಳಕಿನ ತಂತಿಯಲ್ಲಿ ಕಳಿಸುವ ಆಪ್ಟಿಕಲ್ ಕೂಡ ಇಲ್ಲ.

ಹಾಗಾಗಿ ನಿಮ್ಮ ಮನೆಗೆ ನನ್ನ ಸಲಹೆ ಪ್ಲೇಯರ್. ಆದರೆ ಕಣ್ಣು ಮುಚ್ಚಿ ತರಬೇಡಿ. ಒಪ್ಪೊ 2018ರಲ್ಲಿ ಈ ವ್ಯವಹಾರ ಬಿಟ್ಟಿತು. ಮರುವರ್ಷ ಸ್ಯಾಮ್‌ಸಂಗ್ ಹೊಸ ಪ್ಲೇಯರ್ ತರುವುದಿಲ್ಲ ಅಂತ ಹೇಳಿತು. ಆಮೇಲೆ ಎಲ್‌ಜಿಯೂ ನಿಲ್ಲಿಸಿತು. ಹೆಸರು ಹಿಡಿದು ಕೇಳುವುದಾದರೆ ಸೋನಿ, ಪ್ಯಾನಸಾನಿಕ್ ಕೇಳಿ. ರಿಪೇರಿ ಬಂದರೆ ಸೆಟ್ ಎಲ್ಲಿಗೆ ಕಳಿಸುತ್ತೀರಿ, ಲೆನ್ಸ್ ಸಿಗುತ್ತದಾ ಅಂತ ಬಿಲ್ ಮಾಡಿಸುವ ಮೊದಲೇ ಕೇಳಿಬಿಡಿ. ಅಂಗಡಿಗೆ ಹೋಗುವಾಗ ಒಂದು ಚೀಲದಲ್ಲಿ ಐದು ಡಿಸ್ಕ್ ಹಾಕಿಕೊಳ್ಳಿ: ಒಂದು 4ಕೆ, ಒಂದು ಬ್ಲೂ-ರೇ, ಮದುವೆಯ ಡಿವಿಡಿ, ಅವ್ವನ ಭಜನೆ ಸಿಡಿ, ಒಂದು ನಾಟಕದ ವಿಸಿಡಿ. ಎಲ್ಲವನ್ನೂ ಹಾಕಿ ತೋರಿಸಿ ಅಂತ ಕೇಳಿ. ಸಂಕೋಚ ಬೇಡ, ದುಡ್ಡು ನಿಮ್ಮದು. ವಿಸಿಡಿ ಎಲ್ಲ ಪ್ಲೇಯರ್‌ಗಳಲ್ಲೂ ಓಡುವುದಿಲ್ಲ, ಅದಕ್ಕೇ ಹೇಳಿದೆ.

ಆ ಮದುವೆ ಡಿವಿಡಿ ಬಗ್ಗೆ ಒಂದು ಮಾತು. ಸಿನಿಮಾ ಡಿಸ್ಕ್ ಅಚ್ಚು ಹಾಕಿದ್ದು. ಸ್ಟುಡಿಯೊದವರು ಬರೆದುಕೊಟ್ಟ ಡಿಸ್ಕ್‌ನಲ್ಲಿ ಬಣ್ಣದ ಪದರದ ಮೇಲೆ ಲೇಸರ್‌ನಿಂದ ಬರೆದಿರುತ್ತಾರೆ. ಬಿಸಿಲು, ಸೆಕೆಗೆ ಆ ಪದರ ಮಾಸುತ್ತದೆ. ನಾಳೆ ನೋಡೋಣ ಅನ್ನಬೇಡಿ. ಈ ವಾರವೇ ಕಂಪ್ಯೂಟರಿಗೆ ಹಾಕಿಸಿ, ಎರಡು ಕಡೆ ಉಳಿಸಿ ಇಡಿ. ಸಿನಿಮಾ ಇನ್ನೊಂದು ಸಿಗುತ್ತದೆ, ನಿಮ್ಮ ಅಕ್ಕಿಕಾಳಿನ ದೃಶ್ಯ ಸಿಗುವುದಿಲ್ಲ ಅಲ್ವಾ?

ಮಗನಿಗೆ ಏನು ಹೇಳುವುದು? ಅವನಿಗೆ ಬೇಕಾದದ್ದು ಆಟ. ಅದು ತಪ್ಪಲ್ಲ. ಆದರೆ ಅದನ್ನು ಅಪ್ಪನ ಸಿನಿಮಾ ಲೆಕ್ಕದಲ್ಲಿ ಸೇರಿಸುವುದು ಬೇಡ. ಪರೀಕ್ಷೆ ಮುಗಿದ ಮೇಲೆ ಆಟದ ಯಂತ್ರ ಅಂತಲೇ ಅದರ ಮಾತು ಬೇರೆ ಕೂತು ಆಡಿ.

ಪ್ರಶ್ನೆ: ಅಣ್ಣ ಅಮೆರಿಕದಲ್ಲಿದ್ದಾನೆ. ಅಲ್ಲಿಂದ ತಂದ ಡಿಸ್ಕ್ ನಮ್ಮ ಕನ್ಸೋಲ್‌ನಲ್ಲಿ ಓಡುತ್ತವೆಯೇ? (ಓದುಗರು, ಬೆಳಗಾವಿ)

ಉತ್ತರ: ಡಿಸ್ಕ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಸಿನಿಮಾ ಡಿಸ್ಕ್ ಯಾವ ದೇಶಗಳ ಯಂತ್ರದಲ್ಲಿ ಓಡಬೇಕು ಅಂತ ಜಗತ್ತನ್ನು ವಲಯಗಳಾಗಿ ಹಂಚಿ ಬೀಗ ಹಾಕಿರುತ್ತಾರೆ. ಡಿವಿಡಿಯಲ್ಲಿ ಅಮೆರಿಕ 1ನೇ ವಲಯ, ನಾವು 5. ಬ್ಲೂ-ರೇಯಲ್ಲಿ ಅವರು ಎ, ನಾವು ಸಿ. ಇಲ್ಲಿ ಕೊಂಡ ಕನ್ಸೋಲ್‌ನಲ್ಲಿ ವಲಯಕ್ಕೆ ಕಟ್ಟಿದ ಸಿನಿಮಾ ಡಿಸ್ಕ್ ಓಡುವುದಿಲ್ಲ, ಸೆಟ್ಟಿಂಗ್ ಬದಲಿಸಲೂ ಬರುವುದಿಲ್ಲ. ಆದರೆ ಎಷ್ಟೋ ಬ್ಲೂ-ರೇಗಳಿಗೆ ವಲಯದ ಬೀಗವೇ ಇರುವುದಿಲ್ಲ. ಪೆಟ್ಟಿಗೆಯ ಹಿಂದೆ ಎ, ಬಿ, ಸಿ ಮೂರೂ ಅಕ್ಷರ ಇದೆಯಾ ನೋಡಲು ಅಣ್ಣನಿಗೆ ಹೇಳಿ. 4ಕೆ ಡಿಸ್ಕ್‌ಗಳಿಗೆ ವಲಯ ಇಲ್ಲ, ನಿಶ್ಚಿಂತೆಯಿಂದ ತರಿಸಿ. ಅದರ ಪೆಟ್ಟಿಗೆಯಲ್ಲೇ ಇರುವ ಮಾಮೂಲಿ ಬ್ಲೂ-ರೇ ಮಾತ್ರ ಓಡದಿರಬಹುದು. ಪ್ಲೇಸ್ಟೇಷನ್ 5ರ ಆಟದ ಡಿಸ್ಕ್‌ಗಳಿಗೂ ಈ ಅಡ್ಡಿ ಇಲ್ಲ.

ಪ್ರಶ್ನೆ: ನಮ್ಮದು ಹಳೆಯ ಡಬ್ಬಾ ಟಿವಿ. ಹಿಂದೆ ಕೆಂಪು, ಬಿಳಿ, ಹಳದಿ ಪಿನ್ ಮಾತ್ರ ಇವೆ. ಬ್ಲೂ-ರೇ ಪ್ಲೇಯರ್ ಹಾಕಬಹುದೇ? (ಓದುಗರು, ವಿಜಯಪುರ)

ಉತ್ತರ: ಬೇಡ. ನಕಲು ತಡೆಯುವ ನಿಯಮದಿಂದಾಗಿ 2013ರ ನಂತರ ತಯಾರಾದ ಬ್ಲೂ-ರೇ ಪ್ಲೇಯರ್‌ಗಳಲ್ಲಿ ಚಿತ್ರಕ್ಕೆ ಹಳದಿ ಪಿನ್ ಕೊಡುವುದಿಲ್ಲ, ಎಚ್‌ಡಿಎಂಐ ಮಾತ್ರ. ನಡುವೆ ಪರಿವರ್ತಕ ಹಾಕಿ ಹೇಗೋ ಚಿತ್ರ ಬರಿಸಿದರೂ ಆ ಟಿವಿಯಲ್ಲಿ ಡಿವಿಡಿಗಿಂತ ಚೆನ್ನಾಗಿ ಕಾಣುವುದಿಲ್ಲ. ಸುಮ್ನೆ ದುಡ್ಡು ದಂಡ. ಸದ್ಯಕ್ಕೆ ಡಿವಿಡಿ ಪ್ಲೇಯರ್ ಸಾಕು. ಮೊದಲು ಟಿವಿ ಬದಲಾಗಲಿ, ಆಮೇಲೆ ಬರೆಯಿರಿ.