ಟಿವಿಯಲ್ಲಿ ಕಾಣದ ಸೇಫ್ಟಿಯನ್ನು ಅಳೆಯುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ. ಡ್ರಾಫ್ಟ್, ಅಂದರೆ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕಾರ್ಯಕ್ರಮದ ಮಾತು ಬಂದಾಗಲೆಲ್ಲ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳದ್ದೇ ಸುದ್ದಿ. ಈ ಸಲ ಮಾತ್ರ ಪತ್ರಗಳೆಲ್ಲ ಸೇಫ್ಟಿ, ಅಂದರೆ ತಡೆಯುವ ತಂಡದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವ ಆಟಗಾರನ ಬಗ್ಗೆ ಬಂದಿವೆ. ನನಗಂತೂ ಖುಷಿ.

ಪ್ರಶ್ನೆ: ಮಗ ಇಂಡಿಯಾನಾದಲ್ಲಿ ಓದುತ್ತಿದ್ದಾನೆ. ಅವನ ಜೊತೆ ಕೂತು ನನಗೂ ಕಾಲೇಜು ಫುಟ್‌ಬಾಲ್ ನೋಡುವ ಚಟ ಹತ್ತಿದೆ. ಕ್ವಾರ್ಟರ್‌ಬ್ಯಾಕ್ ಚೆನ್ನಾಗಿ ಎಸೆದರೆ ಗೊತ್ತಾಗುತ್ತದೆ, ರಿಸೀವರ್ ಚೆನ್ನಾಗಿ ಹಿಡಿದರೂ ಗೊತ್ತಾಗುತ್ತದೆ. ಆದರೆ "ಅಪ್ಪಾ, ಆ ಸೇಫ್ಟಿ ಖಂಡಿತ ಎನ್‌ಎಫ್‌ಎಲ್‌ಗೆ ಹೋಗ್ತಾನೆ" ಅಂತ ಮಗ ಹೇಳಿದಾಗ ಅವನು ಏನು ನೋಡಿ ಹೇಳಿದ ಎನ್ನುವುದೇ ತಿಳಿಯುವುದಿಲ್ಲ. ನಾನು ಏನನ್ನು ನೋಡಬೇಕು?

ಉತ್ತರ: ತಪ್ಪು ನಿಮ್ಮದಲ್ಲ ಸಾರ್, ಕ್ಯಾಮೆರಾದ್ದು. ಟಿವಿಯವರು ಚೆಂಡಿನ ಹಿಂದೆ ಹೋಗುತ್ತಾರೆ. ಆಟ ಶುರುವಾಗುವಾಗ ಸೇಫ್ಟಿ ಚೆಂಡಿನಿಂದ ಹತ್ತು ಹದಿನೈದು ಯಾರ್ಡ್ ದೂರ ನಿಂತಿರುತ್ತಾನೆ. ಎಷ್ಟೋ ಸಲ ಪರದೆಯ ಮೇಲೆ ಅವನೇ ಇರುವುದಿಲ್ಲ. ಚೆಂಡು ಗಾಳಿಗೆ ಏರಿದ ಮೇಲೆ ಎಲ್ಲಿಂದಲೋ ಓಡಿಬಂದು ಕಾಣಿಸಿಕೊಳ್ಳುತ್ತಾನೆ. ಅಷ್ಟು ಹೊತ್ತಿಗೆ ಅವನ ಕೆಲಸದ ಮುಕ್ಕಾಲು ಪಾಲು ಮುಗಿದಿರುತ್ತದೆ. ಅದನ್ನು ನೋಡಲಿಕ್ಕೇ ತಂಡಗಳಿಗಾಗಿ ಆಟಗಾರರನ್ನು ಅಳೆಯುವ ಸ್ಕೌಟ್‌ಗಳು ಬೇರೆ ವಿಡಿಯೊ ಇಟ್ಟುಕೊಳ್ಳುತ್ತಾರೆ. ಸ್ಟೇಡಿಯಂನ ಎತ್ತರದಿಂದ ತೆಗೆದದ್ದು, ಎರಡೂ ತಂಡಗಳ 22 ಜನರೂ ಒಟ್ಟಿಗೆ ಕಾಣುತ್ತಾರೆ. ಅದಕ್ಕೇ ಅದನ್ನು 'ಆಲ್-22' ಎನ್ನುತ್ತಾರೆ.

ಹೊಸಬರಿಗೆ ಒಂದು ಮಾತು. ತಡೆಯುವ ತಂಡದ ಹನ್ನೊಂದು ಜನರಲ್ಲಿ ಸಾಮಾನ್ಯವಾಗಿ ಇಬ್ಬರು ಸೇಫ್ಟಿಗಳು. ಅವರದು ಕೊನೆಯ ಸಾಲು. ಮುಂದಿನವರನ್ನು ದಾಟಿ ಯಾರಾದರೂ ಚೆಂಡು ಹಿಡಿದು ಓಡಿಬಂದರೆ ಕೆಡವಬೇಕಾದವನು ಸೇಫ್ಟಿ. ಉದ್ದಕ್ಕೆ ಎಸೆದ ಚೆಂಡಿನ ಬಳಿ ತಲುಪಬೇಕಾದವನೂ ಅವನೇ. ಅವನು ತಪ್ಪಿದರೆ ಹಿಂದೆ ಇನ್ಯಾರೂ ಇಲ್ಲ.

ಹಾಗಾಗಿ ನಾನು ಮೊದಲು ನೋಡುವುದು, ಆಟ ಶುರುವಾದ ತಕ್ಷಣ ಅವನು ಇಡುವ ಮೊದಲ ಎರಡು ಹೆಜ್ಜೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನಿಗೆ ಕೊಟ್ಟ ಹಾಗೆ ನಟಿಸಿ, ಕೊಡದೆ ತಾನೇ ಇಟ್ಟುಕೊಂಡು ಉದ್ದಕ್ಕೆ ಎಸೆಯುತ್ತಾನಲ್ಲ, ಅದು ಪ್ಲೇ ಆಕ್ಷನ್. ಇಡೀ ನಾಟಕ ನಡೆಯುವುದು ಸೇಫ್ಟಿಯನ್ನು ಮೋಸಗೊಳಿಸಲಿಕ್ಕೆ. ಅವಸರದವನು ಎರಡು ಹೆಜ್ಜೆ ಮುಂದೆ ನುಗ್ಗುತ್ತಾನೆ. ಪೂರ್ತಿ ವೇಗದಲ್ಲಿರುವ ರಿಸೀವರ್ ಸೆಕೆಂಡಿಗೆ ಸುಮಾರು ಒಂಬತ್ತು ಯಾರ್ಡ್ ಓಡುತ್ತಾನೆ. ಅಂದರೆ ಸೇಫ್ಟಿ ಅರ್ಧ ಸೆಕೆಂಡ್ ಮೋಸಹೋದರೂ ನಾಲ್ಕು ಯಾರ್ಡ್ ಕೈಬಿಟ್ಟ ಹಾಗೆ. ಆಮೇಲೆ ಎಷ್ಟು ಓಡಿದರೂ ಅದು ಸುಲಭವಾಗಿ ವಾಪಸ್ ಸಿಗುವುದಿಲ್ಲ. ಒಳ್ಳೆಯವನು ಕ್ವಾರ್ಟರ್‌ಬ್ಯಾಕ್‌ನ ಕೈ ನೋಡುವುದಿಲ್ಲ. ಮುಂದಿನ ಸಾಲಿನ ದಪ್ಪ ಆಟಗಾರರು ತಳ್ಳಿಕೊಂಡು ಮುಂದೆ ಬರುತ್ತಿದ್ದಾರೋ, ಹಿಂದೆ ಸರಿದು ತಡೆಯುತ್ತಿದ್ದಾರೋ ಎಂದು ನೋಡುತ್ತಾನೆ. ಆಮೇಲೆ ಹೆಜ್ಜೆ ಇಡುತ್ತಾನೆ.

ಎರಡನೆಯದು ಓಡುವ ಕೋನ. ಕ್ರಿಕೆಟ್‌ನಲ್ಲಿ ಬೌಂಡರಿ ಕಾಯುವ ಒಳ್ಳೆಯ ಫೀಲ್ಡರ್ ಚೆಂಡು ಈಗ ಇರುವ ಜಾಗಕ್ಕೆ ಓಡುವುದಿಲ್ಲ, ಅದು ಗೆರೆ ಮುಟ್ಟುವ ಮುಂಚೆ ಸಿಗುವ ಜಾಗಕ್ಕೆ ಓಡುತ್ತಾನೆ. ಸೇಫ್ಟಿಯೂ ಹಾಗೆಯೇ. ಆದರೆ ಇಲ್ಲಿ ಎದುರಿಗಿರುವುದು ಚೆಂಡಲ್ಲ, ದಿಕ್ಕು ಬದಲಿಸುವ ಮನುಷ್ಯ. ಕೋನ ತೀರಾ ಚೂಪಾದರೆ ಓಟಗಾರ ಒಳಕ್ಕೆ ಕತ್ತರಿಸಿ ನುಸುಳುತ್ತಾನೆ. ತೀರಾ ಅಗಲವಾದರೆ ಹತ್ತು ಯಾರ್ಡಿಗೆ ನಿಲ್ಲಬೇಕಾದ ಓಟ ಅರವತ್ತು ಯಾರ್ಡ್ ಆಗುತ್ತದೆ. ಟಿವಿಯಲ್ಲಿ ನಾವು "ಎಂಥ ಓಟ!" ಎಂದು ಕುಣಿಯುತ್ತೇವೆ. ಆಲ್-22 ನೋಡುವ ಸ್ಕೌಟ್ ಸೇಫ್ಟಿಯ ಹೆಸರಿನ ಮುಂದೆ ಒಂದು ಗೀಟು ಹಾಕುತ್ತಾನೆ.

ನಿಮ್ಮ ಇಂಡಿಯಾನಾದ ಉದಾಹರಣೆಯನ್ನೇ ತಗೊಳ್ಳಿ. ನೊಟ್ರ ಡೇಮ್‌ನಲ್ಲಿ ಕೈಲ್ ಹ್ಯಾಮಿಲ್ಟನ್ ಎಂಬ ಸೇಫ್ಟಿ ಇದ್ದ. 2021ರ ಸೀಸನ್‌ನ ಮೊದಲ ಪಂದ್ಯ ಫ್ಲಾರಿಡಾ ಸ್ಟೇಟ್ ವಿರುದ್ಧ. ಅದರಲ್ಲಿ ಎರಡು ಇಂಟರ್‌ಸೆಪ್ಶನ್ ಮಾಡಿದ, ಅಂದರೆ ಎದುರಾಳಿ ಎಸೆದ ಚೆಂಡನ್ನು ತಾನೇ ಹಿಡಿದ. ಒಂದರಲ್ಲಂತೂ ಮೈದಾನದ ಅಡ್ಡಕ್ಕೆ ಓಡಿಕೊಂಡು ಹೋಗಿ ಆಚೆ ಗೆರೆಯ ಪಕ್ಕದಲ್ಲಿ ಚೆಂಡು ಹಿಡಿದ. ಜನ ಅವನ ಕಾಲು ಹೊಗಳಿದರು. ಸಾಧ್ಯವಾದರೆ ಆ ಆಟವನ್ನು ಹುಡುಕಿ ಮತ್ತೆ ನೋಡಿ. ಅವನು ಎಷ್ಟು ಬೇಗ ಹೊರಟ ಎನ್ನುವುದನ್ನು ಗಮನಿಸಿ. ನನ್ನ ಪ್ರಕಾರ ಆ ಚೆಂಡು ಸಿಕ್ಕಿದ್ದು ಕಣ್ಣಿನಿಂದ, ಕಾಲಿನಿಂದ ಅಲ್ಲ.

ಪ್ರಶ್ನೆ: ಹಾಗಾದರೆ 40 ಯಾರ್ಡ್ ಓಟದ ಸಮಯಕ್ಕೆ ಅಷ್ಟು ಬೆಲೆ ಯಾಕೆ? ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನ ಕಂಬೈನ್ (ಡ್ರಾಫ್ಟ್‌ಗೆ ಮುಂಚೆ ಆಟಗಾರರ ಓಟ, ಜಿಗಿತ ಅಳೆಯುವ ಶಿಬಿರ) ಮುಗಿದ ಮೇಲೆ ಎಲ್ಲರ ಬಾಯಲ್ಲೂ ಅದೇ.

ಉತ್ತರ: ಅಳೆಯಲು ಸುಲಭ, ಅದಕ್ಕೆ. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದರೆ ಒಂದು ಅಂಕಿ ಸಿಗುತ್ತದೆ. ಅಂಕಿ ಇದ್ದರೆ ಜಗಳ ಆಡಬಹುದು, ಅಲ್ವಾ?

ಅದೇ ಹ್ಯಾಮಿಲ್ಟನ್ ಕಥೆ ಮುಂದುವರಿಸುತ್ತೇನೆ. 6 ಅಡಿ 4 ಇಂಚು ಎತ್ತರ, 220 ಪೌಂಡ್, ಅಂದರೆ ಸುಮಾರು 100 ಕಿಲೊ ತೂಕ. 2022ರ ಕಂಬೈನ್‌ನಲ್ಲಿ 4.59 ಸೆಕೆಂಡಿನಲ್ಲಿ ಓಡಿದ. ಆಮೇಲೆ ಕಾಲೇಜಿನಲ್ಲಿ ಸ್ಕೌಟ್‌ಗಳ ಮುಂದೆ ಓಡಿದಾಗ ಇನ್ನೂ ನಿಧಾನವಾಗಿದ್ದ ಎಂದು ವರದಿಯಾಯಿತು. ಮೊದಲ ಐದರೊಳಗೆ ಹೋಗುತ್ತಾನೆ ಎನ್ನುತ್ತಿದ್ದವರು ಸುಮ್ಮನಾದರು. ಕೊನೆಗೆ 14ನೇ ಸ್ಥಾನದಲ್ಲಿ ಬಾಲ್ಟಿಮೋರ್ ರೇವನ್ಸ್ ಎತ್ತಿಕೊಂಡಿತು. ಎರಡನೇ ವರ್ಷಕ್ಕೇ, 2023ರಲ್ಲಿ, ಆಲ್-ಪ್ರೊ, ಅಂದರೆ ಲೀಗ್‌ನ ವರ್ಷದ ಅತ್ಯುತ್ತಮರ ಪಟ್ಟಿಯ, ಮೊದಲ ತಂಡದಲ್ಲಿದ್ದ. ಆ ವರ್ಷ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಮೂರು ಸಲ ಕೆಡವಿದ. ಸೇಫ್ಟಿಯೊಬ್ಬ ಹಾಗೆ ಮಾಡುವುದು ಬಹಳ ಅಪರೂಪ. 2025ರಲ್ಲಿ ರೇವನ್ಸ್ ಅವನಿಗೆ ನಾಲ್ಕು ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಒಪ್ಪಂದ ಕೊಟ್ಟಿತು.

ಇದರ ಪಕ್ಕದಲ್ಲಿ ಕನೆಟಿಕಟ್‌ನ ಓಬಿ ಮೆಲಿಫಾನ್ವೂನನ್ನು ಇಡಿ. ಅವನೂ ಹೆಚ್ಚುಕಡಿಮೆ ಅಷ್ಟೇ ಎತ್ತರ, ಅಷ್ಟೇ ತೂಕ. 2017ರ ಕಂಬೈನ್‌ನಲ್ಲಿ 4.40 ಸೆಕೆಂಡ್ ಓಡಿದ. ನಿಂತಲ್ಲಿಂದ 44 ಇಂಚು ಮೇಲಕ್ಕೆ ಹಾರಿದ. ಆ ಮೈಕಟ್ಟಿಗೆ ನಂಬಲಾಗದ ಅಂಕಿಗಳು. ಓಕ್‌ಲ್ಯಾಂಡ್ ರೇಡರ್ಸ್ ಎರಡನೇ ಸುತ್ತಿನಲ್ಲಿ ಆರಿಸಿತು. ಆದರೆ ಲೀಗ್‌ನಲ್ಲಿ ಅವನು ನೆಲೆ ನಿಲ್ಲಲಿಲ್ಲ. ಗಾಯಗಳು ಕಾಡಿದ್ದು ನಿಜ, ಪೂರ್ತಿ ತಪ್ಪು ಅವನ ಮೇಲೆ ಹೊರಿಸುವುದು ಅನ್ಯಾಯ. ಆದರೂ ಲೆಕ್ಕ ಹಾಕಿ ನೋಡಿ. 4.40ಕ್ಕೂ 4.59ಕ್ಕೂ ನಡುವಿನ ಅಂತರ ಮೈದಾನದಲ್ಲಿ ಎರಡು ಯಾರ್ಡಿಗಿಂತ ಕಡಿಮೆ. ತಪ್ಪು ಹೆಜ್ಜೆಯ ಬೆಲೆ ನಾಲ್ಕು ಯಾರ್ಡ್ ಅಂತ ಮೇಲೆ ಹೇಳಿದೆನಲ್ಲ.

ವೇಗವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹಿಂದೆ ಒಬ್ಬನೇ ಸೇಫ್ಟಿ ನಿಂತು ಇಡೀ ಅಗಲ ಕಾಯುವ ತಂತ್ರ ಇರುವ ತಂಡಕ್ಕೆ ನಿಧಾನದವನು ಆಗುವುದೇ ಇಲ್ಲ. ಆದರೆ ನೇರ ಓಟಕ್ಕಿಂತ ಮೈ ತಿರುಗಿಸುವ ಚುರುಕು ನನಗೆ ಮುಖ್ಯ. ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದವನು ಸೊಂಟ ತಿರುಗಿಸಿ ಓಟಕ್ಕೆ ಬೀಳಲು ಎಷ್ಟು ಹೊತ್ತು ಬೇಕು? ತಿರುಗುವಾಗ ಎರಡು ಮೂರು ಸಣ್ಣ ಹೆಜ್ಜೆ ಜಾಸ್ತಿ ಹಾಕುತ್ತಾನಾ? ಎತ್ತರದ ಹುಡುಗರಲ್ಲಿ ಸಮಸ್ಯೆ ಬರುವುದು ಇಲ್ಲೇ. ಕಂಬೈನ್‌ನಲ್ಲಿ ಮೂರು ಕೋನ್ ಇಟ್ಟು ಸುತ್ತಿಸುವ ಓಟ, ಶಟಲ್ ಓಟ ಇವೆ. ಅವನ್ನು ಯಾರೂ ಚರ್ಚೆ ಮಾಡುವುದಿಲ್ಲ. ನೀವು ನೋಡಿ.

ಪ್ರಶ್ನೆ: ಕಾಲೇಜಿನಲ್ಲಿ ಮಿಂಚಿದ ಸೇಫ್ಟಿಗಳು ಎನ್‌ಎಫ್‌ಎಲ್‌ಗೆ ಬಂದಮೇಲೆ ಮಂಕಾಗುವುದು ಯಾಕೆ? ಆಟ ಒಂದೇ ಅಲ್ಲವೇ?

ಉತ್ತರ: ಒಂದೇ ಅಂತ ಅನಿಸುತ್ತದೆ, ಆದರೆ ಅಲ್ಲ. ಸೇಫ್ಟಿಯ ಮಟ್ಟಿಗಂತೂ ಮೈದಾನವೇ ಬೇರೆ.

ಎರಡೂ ಕಡೆ ಮೈದಾನದ ಅಗಲ 160 ಅಡಿ. ಆದರೆ ಪ್ರತಿ ಆಟ ಎಲ್ಲಿಂದ ಶುರುವಾಗಬೇಕು ಎಂದು ಹೇಳುವ ಗುರುತುಗಳಿವೆ, ಹ್ಯಾಶ್ ಮಾರ್ಕ್ ಎನ್ನುತ್ತಾರೆ. ಕಾಲೇಜಿನಲ್ಲಿ ಎರಡು ಹ್ಯಾಶ್‌ಗಳ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಶ್ ಮೇಲೆ ಇದ್ದರೆ ಒಂದು ಕಡೆ 100 ಅಡಿ ಬಯಲು, ಇನ್ನೊಂದು ಕಡೆ ಬರೀ 60 ಅಡಿ. ಹಾಗಾಗಿ ಎಷ್ಟೋ ಕಾಲೇಜು ತಂಡಗಳು ಒಬ್ಬ ಸೇಫ್ಟಿಯನ್ನು ಯಾವಾಗಲೂ ಅಗಲದ ಕಡೆಗೆ, ಇನ್ನೊಬ್ಬನನ್ನು ಇಕ್ಕಟ್ಟಿನ ಕಡೆಗೆ ನಿಲ್ಲಿಸುತ್ತವೆ. ಇಕ್ಕಟ್ಟಿನ ಕಡೆ ಮೂರು ವರ್ಷ ಆಡಿದವನು ತುಂಬಾ ಗಟ್ಟಿಯಾಗಿ ಕಾಣುತ್ತಾನೆ. ಕಾಯಬೇಕಾದ ಜಾಗವೇ ಕಡಿಮೆ, ಗೆರೆಯೇ ಅವನಿಗೆ ಜೊತೆಗಾರ. ಎನ್‌ಎಫ್‌ಎಲ್‌ನಲ್ಲಿ ಚೆಂಡು ಹೆಚ್ಚುಕಡಿಮೆ ನಡುವಿನಲ್ಲೇ ಇರುತ್ತದೆ. ಇಕ್ಕಟ್ಟು ಎನ್ನುವುದೇ ಇಲ್ಲ. ಎರಡೂ ಕಡೆಗೆ ಓಡಬೇಕು. ಹುಡುಗನ ವಿಡಿಯೊ ನೋಡುವಾಗ "ಇವನು ಯಾವ ಕಡೆ ನಿಂತಿದ್ದ?" ಎಂದು ಕೇಳದೆ ಅಂಕ ಕೊಡುವವರನ್ನು ನಾನು ನಂಬುವುದಿಲ್ಲ.

ಇನ್ನು ನಿಯಮಗಳು. ಕಾಲೇಜಿನಲ್ಲಿ ಚೆಂಡು ಗಾಳಿಗೆ ಬರುವ ತನಕ ರಿಸೀವರ್‌ನನ್ನು ದೂಡಿ ತಡೆಯಲು ಸಾಕಷ್ಟು ಅವಕಾಶ ಇದೆ. ಎನ್‌ಎಫ್‌ಎಲ್‌ನಲ್ಲಿ ಐದು ಯಾರ್ಡ್ ದಾಟಿದ ಮೇಲೆ ಹಾಗೆ ಕೈ ಹಾಕಿದರೆ ಪೆನಾಲ್ಟಿ. ಚೆಂಡು ಗಾಳಿಯಲ್ಲಿರುವಾಗ ರಿಸೀವರ್‌ನನ್ನು ಹಿಡಿದು ತಡೆದರೆ ಅದು ಪಾಸ್ ಇಂಟರ್‌ಫಿಯರೆನ್ಸ್. ಹಾಗಾದರೆ ಕಾಲೇಜಿನಲ್ಲಿ ಹೆಚ್ಚೆಂದರೆ 15 ಯಾರ್ಡ್ ನಷ್ಟ. ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತದೆ, ಅದು 40 ಯಾರ್ಡ್ ಆಚೆ ಇದ್ದರೂ ಸರಿ. ಕಾಲೇಜಿನಲ್ಲಿ ಸೋಲುತ್ತಿದ್ದೇನೆ ಅನಿಸಿದಾಗ ಅಂಗಿ ಹಿಡಿದು ಎಳೆದು ಬಚಾವಾದವನಿಗೆ ಇಲ್ಲಿ ದುಬಾರಿ ದಂಡ ಕಾದಿರುತ್ತದೆ.

ಹುಡುಗರ ಪರವಾಗಿಯೂ ಒಂದು ಮಾತು ಹೇಳಬೇಕು. ಕಾಲೇಜಿನಲ್ಲಿ ಪಾಸ್ ಎಸೆಯುವ ಮುಂಚೆ ಮುಂದಿನ ಸಾಲಿನವರು ಮೂರು ಯಾರ್ಡ್ ತನಕ ಮುಂದೆ ಹೋಗಬಹುದು. ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್. ಅಂದರೆ ಕಾಲೇಜಿನಲ್ಲಿ ಸೇಫ್ಟಿಯ ಕಣ್ಣಿಗೆ ಅದು ಪೂರ್ತಿ ಓಟದ ಆಟದ ಹಾಗೇ ಕಾಣುತ್ತದೆ, ಆಮೇಲೆ ನೋಡಿದರೆ ತಲೆ ಮೇಲೆ ಪಾಸ್. ಅಂಥ ಆಟಗಳಲ್ಲಿ ಮೋಸಹೋದವನಿಗೆ ನಾನು ಸ್ವಲ್ಪ ರಿಯಾಯಿತಿ ಕೊಡುತ್ತೇನೆ.

ಪ್ರಶ್ನೆ: "ಎಲ್ಲಿ ಬೇಕಾದರೂ ಆಡಬಲ್ಲ" ಎಂದು ಹೊಗಳುವುದನ್ನು ಕೇಳುತ್ತೇನೆ. ಸೇಫ್ಟಿಗೆ ಅದು ಒಳ್ಳೆಯದೇ ತಾನೆ?

ಉತ್ತರ: ಆ ಹೊಗಳಿಕೆ ಕೇಳಿದಾಗ ನಾನು ಸ್ವಲ್ಪ ಹುಷಾರಾಗುತ್ತೇನೆ. ಕ್ಲೆಮ್ಸನ್‌ನ ಐಸಾಯಾ ಸಿಮನ್ಸ್ ಲೈನ್‌ಬ್ಯಾಕರ್ ಆಗಿ (ಮುಂದಿನ ಸಾಲಿನ ಬೆನ್ನಿಗೆ), ಸ್ಲಾಟ್‌ನಲ್ಲಿ (ಒಳಗಡೆ ನಿಲ್ಲುವ ರಿಸೀವರ್‌ನ ಎದುರು), ಹಿಂದೆ ಸೇಫ್ಟಿಯಾಗಿ, ಎಲ್ಲ ಕಡೆ ಆಡಿದ್ದ. 4.39 ಸೆಕೆಂಡ್ ಓಟ ಬೇರೆ. 2020ರಲ್ಲಿ ಅರಿಜೋನಾ ಕಾರ್ಡಿನಲ್ಸ್ 8ನೇ ಸ್ಥಾನದಲ್ಲಿ ಆರಿಸಿತು. ಇವನ ಖಾಯಂ ಜಾಗ ಯಾವುದು ಎನ್ನುವುದು ಕೊನೆಗೂ ಇತ್ಯರ್ಥವಾಗಲಿಲ್ಲ. 2023ರಲ್ಲಿ ಬರೀ ಏಳನೇ ಸುತ್ತಿನ ಒಂದು ಆಯ್ಕೆಗೆ ಬದಲಾಗಿ ನ್ಯೂಯಾರ್ಕ್ ಜೈಂಟ್ಸ್‌ಗೆ ಕೊಟ್ಟುಬಿಟ್ಟರು. ಏಳನೇ ಸುತ್ತು ಎಂದರೆ ಡ್ರಾಫ್ಟ್‌ನ ಕೊನೆಯ ಸುತ್ತು.

ಹ್ಯಾಮಿಲ್ಟನ್ ಕೂಡ ಎಲ್ಲ ಕಡೆ ಆಡುವವನೇ. ಆದರೆ ರೇವನ್ಸ್ ಮೊದಲ ವರ್ಷ ಅವನನ್ನು ಬಹಳಷ್ಟು ಹೊತ್ತು ಸ್ಲಾಟ್‌ನಲ್ಲೇ ನಿಲ್ಲಿಸಿತು. ಅದು ಕೈಗೆ ಕುದುರಿದ ಮೇಲೆ ಉಳಿದದ್ದು ಒಂದೊಂದಾಗಿ ಸೇರಿಕೊಂಡಿತು. ಹಾಗಾಗಿ ನನ್ನ ಪ್ರಶ್ನೆ ಒಂದೇ: ಮೊದಲ ವರ್ಷ ಇವನಿಗೆ ಕೊಡಬಹುದಾದ ಒಂದು ಕೆಲಸ ಯಾವುದು? ಉತ್ತರ ಇಲ್ಲದಿದ್ದರೆ ಮೊದಲ ಸುತ್ತು ಬೇಡ.

ಒಂದೇ ಕೆಲಸ ಚೆನ್ನಾಗಿ ಮಾಡುವವರನ್ನು ಜೋಡಿಸುವುದೂ ಒಂದು ದಾರಿ. ಸಿಯಾಟಲ್ 2010ರ ಒಂದೇ ಡ್ರಾಫ್ಟ್‌ನಲ್ಲಿ ಇಬ್ಬರು ಸೇಫ್ಟಿಗಳನ್ನು ತಂದಿತು. ಅರ್ಲ್ ಥಾಮಸ್ ಮೊದಲ ಸುತ್ತಿನಲ್ಲಿ ಬಂದವನು, ಮೈಕಟ್ಟು ಸಣ್ಣದು, ಹಿಂದೆ ಒಬ್ಬನೇ ಇಡೀ ಮೈದಾನ ಕಾಯುತ್ತಿದ್ದ. ಕ್ಯಾಮ್ ಚಾನ್ಸಲರ್ ಐದನೇ ಸುತ್ತಿನವನು, ದೈತ್ಯ, ಮುಂದೆ ಬಂದು ಗುದ್ದುತ್ತಿದ್ದ. ಕೆಲಸ ಅದಲುಬದಲು ಮಾಡಿದ್ದರೆ ಇಬ್ಬರೂ ಸಾಧಾರಣ ಆಟಗಾರರಾಗಿ ಕಾಣುತ್ತಿದ್ದರು ಎಂದು ನನ್ನ ಅನಿಸಿಕೆ. ಆ ಜೋಡಿ ಇದ್ದ ತಂಡವೇ 2014ರ ಫೆಬ್ರುವರಿಯಲ್ಲಿ ಡೆನ್ವರ್ ವಿರುದ್ಧ 43-8ರಿಂದ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದದ್ದು.

ಪ್ರಶ್ನೆ: ನೂರು ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಮಾಡಿದ ಸೇಫ್ಟಿ, ಆರು ಇಂಟರ್‌ಸೆಪ್ಶನ್ ಮಾಡಿದ ಸೇಫ್ಟಿ, ಇಬ್ಬರಲ್ಲಿ ಯಾರು ಮೇಲು?

ಉತ್ತರ: ಅಂಕಿ ಮಾತ್ರ ಕೊಟ್ಟರೆ ಹೇಳಲಾರೆ. ಸೇಫ್ಟಿಗೆ ನೂರು ಟ್ಯಾಕಲ್ ಬಂದಿದೆ ಎಂದರೆ ಎಷ್ಟೋ ಸಲ ಮುಂದಿನ ಸಾಲು ಸೋರುತ್ತಿದೆ ಎಂದೇ ಅರ್ಥ. ಎಷ್ಟು ಹಿಡಿದ ಎನ್ನುವುದಕ್ಕಿಂತ ಬಯಲಿನಲ್ಲಿ ಒಬ್ಬನಿಗೊಬ್ಬ ಎದುರಾದಾಗ ಎಷ್ಟು ಸಲ ಹಿಡಿಯಲಾಗದೆ ಬಿಟ್ಟ ಎನ್ನುವುದನ್ನು ಎಣಿಸಿ. ಇಂಟರ್‌ಸೆಪ್ಶನ್‌ನಲ್ಲೂ ಅದೃಷ್ಟದ ಪಾಲು ದೊಡ್ಡದು. ಬೇರೆಯವರ ಕೈಗೆ ತಗಲಿ ಚಿಮ್ಮಿದ ಚೆಂಡೂ ಲೆಕ್ಕಕ್ಕೆ ಬರುತ್ತದೆ. ಆದರೆ ವರ್ಷ ವರ್ಷವೂ ಒಬ್ಬನ ಕೈಗೇ ಚೆಂಡು ಬರುತ್ತಿದ್ದರೆ ಸುಮ್ನೆ ತಳ್ಳಿಹಾಕಬೇಡಿ. ಕೆವಿನ್ ಬಯರ್ಡ್ ಮಿಡ್ಲ್ ಟೆನೆಸ್ಸಿ ಎಂಬ ಸಣ್ಣ ತಂಡಕ್ಕೆ ಆಡಿ 19 ಇಂಟರ್‌ಸೆಪ್ಶನ್ ಮಾಡಿದ್ದ. 2016ರ ಕಂಬೈನ್‌ಗೆ ಅವನನ್ನು ಕರೆಯಲೇ ಇಲ್ಲ. ಟೆನೆಸ್ಸಿ ಟೈಟನ್ಸ್ ಮೂರನೇ ಸುತ್ತಿನಲ್ಲಿ ತಗೊಂಡಿತು. ಮರುವರ್ಷವೇ 8 ಇಂಟರ್‌ಸೆಪ್ಶನ್ ಮಾಡಿ ಇಡೀ ಲೀಗ್‌ನಲ್ಲಿ ಮೊದಲ ಸ್ಥಾನ ಹಂಚಿಕೊಂಡ.

ಪ್ರಶ್ನೆ: ಆಲ್-22 ವಿಡಿಯೊ ನಮ್ಮಂಥವರಿಗೆ ಸಿಗುತ್ತದೆಯೇ?

ಉತ್ತರ: ಎನ್‌ಎಫ್‌ಎಲ್ ಪಂದ್ಯಗಳದ್ದು ಅವರ ಆ್ಯಪ್‌ನಲ್ಲಿ ಚಂದಾ ಕಟ್ಟಿದರೆ ಸಿಗುತ್ತದೆ. ಕಾಲೇಜು ಪಂದ್ಯಗಳದ್ದು ಸಿಗುವುದು ಕಷ್ಟ. ಅದಕ್ಕೆ ಮಗನಿಗೆ ಹೇಳಿ ಸ್ಟೇಡಿಯಂ ಟಿಕೆಟ್ ತರಿಸಿ. ಅದೂ ಗೋಲ್ ಪೋಸ್ಟ್ ಹಿಂದೆ, ಆದಷ್ಟು ಮೇಲಿನ ಸಾಲಿನದು. ಅಲ್ಲಿಂದ 22 ಜನರೂ ಕಾಣುತ್ತಾರೆ, ಟಿಕೆಟ್ಟೂ ಅಗ್ಗ. ಒಂದು ಕ್ವಾರ್ಟರ್ ಪೂರ್ತಿ ಚೆಂಡು ನೋಡಬೇಡಿ, ಒಬ್ಬ ಸೇಫ್ಟಿಯನ್ನು ಮಾತ್ರ ನೋಡಿ. ಜನ ಕೂಗಿದಾಗ ತಲೆ ಆ ಕಡೆ ತಿರುಗುತ್ತದೆ, ತಡೆದುಕೊಳ್ಳಿ. ದುರ್ಬೀನು ಇದ್ದರೆ ಮನೆಯಲ್ಲೇ ಬಿಡಿ. ಅದರಲ್ಲಿ ಒಬ್ಬನೇ ಕಾಣುತ್ತಾನೆ, ಅವನು ಯಾರನ್ನು ನೋಡಿ ಹೆಜ್ಜೆ ಇಟ್ಟ ಎನ್ನುವುದು ಕಾಣುವುದಿಲ್ಲ.